ಹೊಟ್ಟೆ ಅರ್ಧ, ಕಣ್ಣು ದೂರ

ಕೇಳುಗರೇ, ನಮಸ್ಕಾರ.

ರಜೆಗೆ ಫ್ರಾಂಕ್‌ಫರ್ಟಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿದ್ದೀರಿ ಅಂದುಕೊಳ್ಳಿ. ಶನಿವಾರ ಬೆಳಿಗ್ಗೆ ಅವರ ಗೆಳೆಯರೆಲ್ಲ ಸೇರಿ ನಿಮ್ಮನ್ನು ವಾಸರ್‌ಕುಪ್ಪೆ ಎಂಬ ಬೆಟ್ಟಕ್ಕೆ ಕರೆದೊಯ್ಯುತ್ತಾರೆ. ಫುಲ್ಡಾ ಊರಿನ ಹತ್ತಿರ, 950 ಮೀಟರ್ ಎತ್ತರ. ಅಲ್ಲಿ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ನಿಮಗಾಗಿ ನಿಂತಿದೆ. ಕಾರಿನ ಡಿಕ್ಕಿಯಲ್ಲಿ ಪೂರಿ-ಸಾಗು ಇದೆ. ಯಾವುದು ಮೊದಲು? ಗ್ಲೈಡರ್ ಮೊದಲು, ಪೂರಿ ಆಮೇಲೆ. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ: ಹೊಟ್ಟೆ ಅರ್ಧ, ಕಣ್ಣು ದೂರ.

ಹಾಗಂತ ಉಪವಾಸ ಹೋಗಬೇಡಿ. ಖಾಲಿ ಹೊಟ್ಟೆಯೂ ತೊಳಸುತ್ತದೆ. ಹತ್ತುವುದಕ್ಕೆ ಎರಡು ಗಂಟೆ ಮೊದಲು ಎರಡು ಇಡ್ಲಿ, ಇಲ್ಲವೇ ಬ್ರೆಡ್ಡು, ಬಾಳೆಹಣ್ಣು. ನೀರು ಗುಟುಕು ಗುಟುಕಾಗಿ. ಹಿಂದಿನ ರಾತ್ರಿ ಬಿಯರ್ ಬೇಡ, ಎಷ್ಟೇ ಬಲವಂತ ಮಾಡಿದರೂ.

ಹೊಟ್ಟೆ ಯಾಕೆ ತೊಳಸುತ್ತದೆ? ಗ್ಲೈಡರ್ ಮೇಲೇರಬೇಕಾದರೆ ಸುತ್ತಬೇಕು, ಒಂದು ಸುತ್ತಿಗೆ ಸುಮಾರು ಇಪ್ಪತ್ತು ಸೆಕೆಂಡು. ಕಿವಿಯೊಳಗಿನ ಅಂಗ ‘ತಿರುಗುತ್ತಿದ್ದೇವೆ’ ಅನ್ನುತ್ತದೆ. ಫೋನ್ ಪರದೆಗೆ ನೆಟ್ಟ ಕಣ್ಣು ‘ಇಲ್ಲೇ ಇದ್ದೇವಲ್ಲ’ ಅನ್ನುತ್ತದೆ. ಇವೆರಡರ ಜಗಳಕ್ಕೆ ದಂಡ ತೆರುವುದು ಹೊಟ್ಟೆ. ಕಣ್ಣನ್ನು ಆಕಾಶ-ಭೂಮಿ ಕೂಡುವ ಗೆರೆಗೆ ಕೊಡಿ, ಜಗಳ ನಿಲ್ಲುತ್ತದೆ. ವಿಡಿಯೊ ನೆಲದ ಮೇಲಿರುವ ಗೆಳೆಯರು ಮಾಡಲಿ.

ಸುತ್ತುವುದಾದರೂ ಯಾಕೆ? ಈ ಬೆಟ್ಟದ ಬುಡದ ಪೊಪ್ಪೆನ್‌ಹೌಸೆನ್‌ನಲ್ಲೇ ತಯಾರಾಗುವ ಎಎಸ್‌ಕೆ 21 ಎಂಬ ಎರಡು ಸೀಟಿನ ಗ್ಲೈಡರನ್ನೇ ನೋಡಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 17 ಮೀಟರ್. ನಿಶ್ಚಲ ಗಾಳಿಯಲ್ಲಿ ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ 34 ಕಿಲೋಮೀಟರ್ ಮುಂದೆ ಹೋಗುತ್ತದೆ. ಆದರೆ ಇಳಿಯುತ್ತಲೇ ಇರುತ್ತದೆ. ನೆಲದ ಮೇಲಿನ ಯಂತ್ರವೊಂದು ಉದ್ದನೆಯ ಹಗ್ಗದಿಂದ ಗ್ಲೈಡರನ್ನು ಜಗ್ಗಿ ಮೇಲೇರಿಸುತ್ತದೆ. ಆ ಹಗ್ಗ ನಿಮ್ಮನ್ನು 350 ಮೀಟರಿನಲ್ಲಿ ಬಿಟ್ಟರೆ, ಆರೇಳು ನಿಮಿಷಕ್ಕೆ ನೆಲ. ಇನ್ನೂ ಮೇಲಿರಬೇಕಾದರೆ ಗಾಳಿಯೇ ಎತ್ತಬೇಕು. ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಕಂಬದಂತೆ ಮೇಲೇಳುತ್ತದೆ, ಅದರಿಂದ ಹೊರಬೀಳದಿರಲು ಅದರೊಳಗೇ ಸುತ್ತಬೇಕು. ಮಧ್ಯಾಹ್ನ ನಮ್ಮೂರ ಬಯಲ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತುವುದೂ ಅದೇ ಬಿಸಿಗಾಳಿಯ ಕಂಬದಲ್ಲಿ.

ಇದು ಪೈಲಟ್‌ಗಳಿಗೆ ಗೊತ್ತಾದ ಬಗೆ ಸ್ವಾರಸ್ಯವಾಗಿದೆ. ಮೊದಲ ಮಹಾಯುದ್ಧ ಸೋತ ಜರ್ಮನಿಗೆ ಎಂಜಿನ್ ವಿಮಾನ ಕಟ್ಟಲು ವರ್ಸೇಲ್ಸ್ ಒಪ್ಪಂದ ಅಡ್ಡ ಬಂತು. ಎಂಜಿನ್ ಬೇಡ, ಬೆಟ್ಟ ಇದೆಯಲ್ಲ ಎಂದು ಹುಡುಗರು 1920ರಲ್ಲಿ ವಾಸರ್‌ಕುಪ್ಪೆ ಹತ್ತಿ ಸ್ಪರ್ಧೆ ಶುರುಮಾಡಿದರು. 1922ರ ಆಗಸ್ಟಿನಲ್ಲಿ ಹ್ಯಾನೋವರಿನ ವಿದ್ಯಾರ್ಥಿಗಳ ‘ವ್ಯಾಂಪೈರ್’ ಗ್ಲೈಡರ್ ಒಂದು ಗಂಟೆ ದಾಟಿತು, ಅದೇ ತಿಂಗಳು ಮೂರು ಗಂಟೆಯನ್ನೂ ದಾಟಿತು. ಆದರೆ ಅದೆಲ್ಲ ಇಳಿಜಾರಿಗೆ ಬಡಿದು ಮೇಲೇಳುವ ಗಾಳಿಯ ಆಟ. ಬೆಟ್ಟ ಬಿಟ್ಟರೆ ಆಟ ಮುಗಿಯಿತು. 1926ರಲ್ಲಿ ಮ್ಯಾಕ್ಸ್ ಕೆಗೆಲ್ ಹಾರಾಡುತ್ತಿದ್ದಾಗ ಗುಡುಗಿನ ಮೋಡ ಬಂತು, ಗ್ಲೈಡರ್ ಸಮೇತ ಅವನನ್ನು ಒಳಗೆ ಸೆಳೆದುಕೊಂಡಿತು. ಅವನೇನೂ ಕೇಳಿಕೊಂಡಿರಲಿಲ್ಲ! ಅದು ಅವನನ್ನು ಉಗುಳಿದಾಗ ಬೆಟ್ಟ ಎಲ್ಲೋ ಹಿಂದೆ. ಇಳಿದದ್ದು ಸುಮಾರು 55 ಕಿಲೋಮೀಟರ್ ಆಚೆ, ಆ ಕಾಲಕ್ಕೆ ದಾಖಲೆ. ಜನ ಅವನನ್ನು ‘ಗುಡುಗು ಮ್ಯಾಕ್ಸ್’ ಎಂದೇ ಕರೆದರು. ಬೆಟ್ಟದ ಹಂಗಿಲ್ಲದೆ ದೂರ ಹೋಗಬಹುದು ಎಂಬುದಕ್ಕೆ ಅವನೇ ಸಾಕ್ಷಿಯಾದ. ಇವತ್ತು ಗುಡುಗಿನ ಮೋಡ ಕಂಡರೆ ಯಾರೂ ನಿಮ್ಮನ್ನು ಹತ್ತಿಸುವುದಿಲ್ಲ. ಅಲ್ಲಿನ ಗ್ಲೈಡರ್ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ.

ಕೆಗೆಲ್ ನಮ್ಮ ಸಮಯವನ್ನೂ ಸೆಳೆದುಕೊಂಡ. ಉಳಿದದ್ದು ಬೇಗ ಹೇಳುತ್ತೇನೆ.

ಸೀಟಿಗೆ ಪ್ಯಾರಾಚೂಟ್ ಸೇರಿ 110 ಕೆಜಿ ಮಿತಿ. ತೂಕ ಕೇಳಿದರೆ ನಾಚದೆ ನಿಜ ಹೇಳಿ. ಬಿಸಿಲಿಗೆ ಬಟ್ಟೆಯ ಟೋಪಿ, ನೆತ್ತಿಯಲ್ಲಿ ಗುಂಡಿಯಿಲ್ಲದ್ದು. ಗಾಜಿನ ಮುಚ್ಚಳಕ್ಕೆ ಗುಂಡಿ ಬಡಿದರೆ ಏಟು ನಿಮ್ಮ ನೆತ್ತಿಗೇ. ಕೂರುವುದು ಮುಂದಿನ ಸೀಟಿನಲ್ಲಿ, ಪೈಲಟ್ ಹಿಂದೆ. ಮೊದಲು ಸೊಂಟದ ಪಟ್ಟಿ ಬಿಗಿ, ಆಮೇಲೆ ಭುಜದ್ದು. ಕಾಲು ಪೆಡಲಿನಿಂದ ದೂರ. ಹಳದಿ ಗುಂಡಿ ಹಗ್ಗ ಬಿಡಿಸುವುದಕ್ಕೆ, ನೀಲಿ ಹಿಡಿ ಗಾಳಿ-ಬ್ರೇಕಿಗೆ, ಕೆಂಪು ಹಿಡಿ ಅಪಾಯದಲ್ಲಿ ಗಾಜಿನ ಮುಚ್ಚಳವನ್ನು ಕಿತ್ತೊಗೆಯುವುದಕ್ಕೆ. ಹೇಳದೆ ಯಾವುದನ್ನೂ ಮುಟ್ಟಬೇಡಿ. ಕಣ್ಣೆದುರಿನ ಗಾಜಿಗೆ ಅಂಟಿಸಿದ ಕೆಂಪು ಉಣ್ಣೆಯ ಎಳೆಯೊಂದು ಅಲ್ಲಾಡುತ್ತಿರುತ್ತದೆ. ಅದು ನೆಟ್ಟಗಿದ್ದರೆ ಗ್ಲೈಡರ್ ಗಾಳಿಗೆ ನೆಟ್ಟಗಿದೆ. ಕೋಟಿ ಬೆಲೆಯ ಗ್ಲೈಡರಿನಲ್ಲೂ ಇದೇ ಎಳೆ.

ಗೆಳೆಯರಿಗೂ ಕೆಲಸವಿದೆ. ಒಬ್ಬರು ರೆಕ್ಕೆಯ ತುದಿ ಎತ್ತಿ ಹಿಡಿದು ಓಡಬೇಕು, ಇಳಿದ ಗ್ಲೈಡರನ್ನು ನಾಲ್ಕು ಜನ ತಳ್ಳಿ ತರಬೇಕು. ಹುಲ್ಲಿನ ಮೇಲೆ ಬಿದ್ದಿರುವ ಹಗ್ಗವನ್ನು ಮಾತ್ರ ಯಾರೂ ಮುಟ್ಟಕೂಡದು, ದಾಟಕೂಡದು. ಅದು ಯಾವ ಕ್ಷಣದಲ್ಲಾದರೂ ಜಗ್ಗಬಹುದು.

ಹಗ್ಗ ಜಗ್ಗಿದ ನಾಲ್ಕೈದು ಸೆಕೆಂಡಿನಲ್ಲಿ ಗ್ಲೈಡರಿನ ಮೂಗು ಆಕಾಶಕ್ಕೆ ಏರುತ್ತದೆ, ಎದುರಿಗೆ ಬರೀ ನೀಲಿ. ಆಗ ಪಕ್ಕಕ್ಕೆ ನೋಡಿ, ರೆಕ್ಕೆಯಾಚೆ ನೆಲದ ಗೆರೆ ಸಿಗುತ್ತದೆ. ನಡುವೆ ಹಗ್ಗ ತುಂಡಾದರೆ ಪೈಲಟ್ ತಕ್ಷಣ ಮೂಗು ಕೆಳಗೊತ್ತುತ್ತಾನೆ, ಮೈ ಒಂದು ಕ್ಷಣ ತೇಲಿದಂತಾಗುತ್ತದೆ. ಅದಕ್ಕೆ ಅವರು ಅಭ್ಯಾಸ ಮಾಡಿಯೇ ಇರುತ್ತಾರೆ. ಬಾಯಲ್ಲಿ ನೀರೂರಿ ಬೆವರು ಬಂದರೆ ಮಾನ ಮರ್ಯಾದೆ ನೋಡದೆ ‘ನೇರ ಹೋಗೋಣ’ ಎನ್ನಿ, ಗಾಳಿಕಿಂಡಿ ತೆರೆಯಿರಿ. ಹೊಟ್ಟೆ ಅಳುಕಿನವರು ಬೆಳಿಗ್ಗೆ ಬೇಗ ಅಥವಾ ಸಂಜೆ ಹತ್ತಿ, ಆಗ ಗಾಳಿ ಕುಲುಕುವುದಿಲ್ಲ.

ಇಳಿದ ಮೇಲೆ ಅರ್ಧ ಗಂಟೆ ಕೂತು, ಪೂರಿ ತೆಗೆಯಿರಿ. ಅಲ್ಲಿಯದೂ ತಿನ್ನಬೇಕೆಂದರೆ ಫುಲ್ಡಾ ಸೀಮೆಯ ಜ್ವಿಬ್ಬೆಲ್‌ಸ್ಪ್ಲೋಟ್ಸ್ ಇದೆ: ಬ್ರೆಡ್ಡಿನ ಹಿಟ್ಟಿನ ಮೇಲೆ ಈರುಳ್ಳಿ, ಹುಳಿ ಕೆನೆ ಹರಡಿ ಸುಟ್ಟದ್ದು. ಸಾಮಾನ್ಯವಾಗಿ ಅದರಲ್ಲಿ ಹಂದಿಮಾಂಸದ ಚೂರಿರುತ್ತದೆ. ಸಸ್ಯಾಹಾರಿಗಳು ‘ಓನೆ ಸ್ಪೆಕ್’ ಎಂದು ಮೊದಲೇ ಹೇಳಿ. ಆಲೂಗಡ್ಡೆ ಸೂಪಿಗೂ ಸಾಸೇಜ್ ಹಾಕಿರಬಹುದು, ಕೇಳಿಕೊಳ್ಳಿ. ಹಾರಿಸಿದ ಕ್ಲಬ್ಬಿನವರಿಗೆ ಒಂದು ಕೇಕ್ ಒಯ್ದಿದ್ದರೆ ಈಗ ಕೊಡಿ. ನಾಲ್ಕು ಗಂಟೆಯ ಕಾಫಿಗೆ ಅವರ ಬೆಂಚಿನಲ್ಲಿ ನಿಮಗೂ ಜಾಗ ಮಾಡುತ್ತಾರೆ.

ನಮಸ್ಕಾರ.