ಉಸಿರನ್ನು ಅಳಿಸದ ಹಾಡುಗಳು

ಸಹೃದಯರೇ,

2024ರಲ್ಲಿ ಬಿಡುಗಡೆಯಾದ ಇಂಡಿ ಹಾಡುಗಳಲ್ಲಿ ನನ್ನನ್ನು ವರ್ಷವಿಡೀ ಬಿಡದೆ ಹಿಡಿದ ಕೆಲವನ್ನು ನಿಮ್ಮ ಮುಂದಿಟ್ಟು, ದಯವಿಟ್ಟು ಕೇಳಿ ಎಂದು ಕೋರುವುದಷ್ಟೇ ಇಂದಿನ ನನ್ನ ಕೆಲಸ. ಈ ಹಾಡುಗಳೆಲ್ಲ ಇಂಗ್ಲಿಷಿನವು. ಅವುಗಳಲ್ಲಿ ಒಂದು ಮಾತ್ರ ದೆಹಲಿಯದು. ಕನ್ನಡದ ಸಭೆಯಲ್ಲಿ ಕನ್ನಡದ ಒಂದು ಹಾಡೂ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಯಾವ ಭಾಷೆಗೆ ಎಷ್ಟು ಪಾಲು ಎಂಬ ಲೆಕ್ಕ ಹಾಕಿ ಮಾಡಿದ ಪಟ್ಟಿ ಇದಲ್ಲ. ರಾತ್ರಿ ಊಟವಾದ ಮೇಲೆ ನನ್ನ ಕೈ ತಾನಾಗಿ ಯಾವ ಹಾಡಿನ ಕಡೆಗೆ ಹೋಗುತ್ತಿತ್ತೋ ಅದರ ಪಟ್ಟಿ.

ಮೊದಲು ಇಂಡಿ ಎಂಬ ಶಬ್ದದ ಬಗ್ಗೆ ಎರಡು ಮಾತು. ಇಂಡಿಪೆಂಡೆಂಟ್, ಅಂದರೆ ಸ್ವತಂತ್ರ, ಎಂಬುದರ ಮೊಟಕು ರೂಪ ಅದು. ಬ್ರಿಟನ್ನಿನಲ್ಲಿ 1980ರಲ್ಲಿ ಇಂಡಿ ಹಾಡುಗಳಿಗೆಂದೇ ಪ್ರತ್ಯೇಕ ಜನಪ್ರಿಯತಾ ಪಟ್ಟಿ ಶುರುವಾದಾಗ ಅದರೊಳಗೆ ಸೇರಲು ಇದ್ದ ಅರ್ಹತೆಗೂ ಹಾಡಿನ ರಾಗಕ್ಕೂ ಶೈಲಿಗೂ ಸಂಬಂಧವೇ ಇರಲಿಲ್ಲ. ಧ್ವನಿಮುದ್ರಿಕೆಯು ದೊಡ್ಡ ಕಂಪನಿಗಳ ವಿತರಣಾ ಜಾಲವನ್ನು ಬಿಟ್ಟು ಬೇರೆ ದಾರಿಯಿಂದ ಅಂಗಡಿಗೆ ಬಂದಿದ್ದರೆ ಸಾಕಿತ್ತು. ನಮ್ಮಲ್ಲಿ ಈ ಗೆರೆ ಬೇರೆ ಜಾಗದಲ್ಲಿ ಬಿದ್ದಿದೆ. ನಮಗೆ ಹಾಡೆಂದರೆ ಬಹುಮಟ್ಟಿಗೆ ಸಿನಿಮಾದ ಹಾಡು. ಅದರ ಹೊರಗಿನದೆಲ್ಲ ಸ್ವತಂತ್ರ. ಹಾಗೆ ನೋಡಿದರೆ, 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಮನೆಮನೆಗೆ ಹೋದದ್ದನ್ನೂ ನಾವು ಈ ಚರಿತ್ರೆಯ ಪಕ್ಕದಲ್ಲೇ ಇಟ್ಟು ನೋಡಬಹುದು.

2024ರಲ್ಲಿ ಬೆಂಗಳೂರಿನಿಂದ ಹೊರಟು ಜಗತ್ತನ್ನೇ ಸುತ್ತಿದ ಹಾಡು ರ‍್ಯಾಪ್ ಗಾಯಕ ಹನುಮಾನ್‌ಕೈಂಡ್ ಅವರ ‘ಬಿಗ್ ಡಾಗ್ಸ್’. ಅದು ನನ್ನ ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ಬ್ರಿಟನ್ನಿನ ಆ ಹಳೆಯ ಗೆರೆಯೇ ಕಾರಣ. ಜಾತ್ರೆಯ ಸಾವಿನ ಬಾವಿಯೊಳಗೆ ಬೈಕು, ಕಾರುಗಳು ಗೋಡೆ ಹತ್ತಿ ಸುತ್ತುವ ಅದರ ವಿಡಿಯೊ ಕೇರಳದ ಪೊನ್ನಾನಿಯಲ್ಲಿ ಚಿತ್ರಿತವಾದದ್ದು. ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 23ನೇ ಸ್ಥಾನದವರೆಗೂ ಏರಿತು. ಅದನ್ನು ನಾನೂ ಕುಣಿಯುವ ಮನಸ್ಸಿನಿಂದಲೇ ಕೇಳಿದ್ದೇನೆ. ಆದರೆ ಅದು ಬಂದದ್ದು ದೊಡ್ಡ ಕಂಪನಿಯೊಂದರ ಮೂಲಕ, ಮತ್ತು ಅದಕ್ಕೆ ನನ್ನ ಶಿಫಾರಸಿನ ಅಗತ್ಯ ಖಂಡಿತ ಇಲ್ಲ.

ಶಿಫಾರಸಿನ ಅಗತ್ಯ ಇರುವ ಹಾಡುಗಳಿಗೆ 2024 ಅಷ್ಟೇನೂ ಒಳ್ಳೆಯ ವರ್ಷವಾಗಿರಲಿಲ್ಲ. ಇಂಥ ಸಂಗೀತವನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಹುಡುಕಿ, ವಿಮರ್ಶಿಸಿ, ಕೆಲವೊಮ್ಮೆ ಅನ್ಯಾಯವಾಗಿ ಬೈದು ಓದುಗರಿಗೆ ತಲುಪಿಸುತ್ತಿದ್ದ ಪಿಚ್‌ಫೋರ್ಕ್ ಪತ್ರಿಕೆಯನ್ನು ಅದರ ಮಾಲೀಕ ಸಂಸ್ಥೆಯಾದ ಕಾಂಡೆ ನಾಸ್ಟ್ ಆ ವರ್ಷದ ಜನವರಿಯಲ್ಲಿ ಗಂಡಸರ ಫ್ಯಾಷನ್ ಪತ್ರಿಕೆಯಾದ ಜಿಕ್ಯೂ ಜೊತೆಗೆ ಸೇರಿಸಿತು. ಹಲವರು ಕೆಲಸ ಕಳೆದುಕೊಂಡರು. ಅದೇ ವರ್ಷದಿಂದ, ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸೇವೆಯಾದ ಸ್ಪಾಟಿಫೈ, ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿ ಕೊಡುವುದನ್ನು ನಿಲ್ಲಿಸಿತು. ಹೇಳುವವರು ಕಡಿಮೆಯಾಗಿ, ಕೇಳುವವರು ಸಾವಿರ ದಾಟದಿದ್ದರೆ ಕಾಸೂ ಇಲ್ಲ ಎಂಬ ಸ್ಥಿತಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಬಾಯಿಮಾತಿನಲ್ಲಿ ಹಾಡನ್ನು ದಾಟಿಸುವ ಹಳೆಯ ಪದ್ಧತಿಗೆ ಹೊಸ ಉಪಯೋಗ ಬಂದಿದೆ.

ಇನ್ನು ನನ್ನ ಅಳತೆಗೋಲು. ಚಿಕ್ಕಂದಿನಲ್ಲಿ ನಾನು ಭಾವಗೀತೆ ಕಲಿಯಲು ಹೋಗುತ್ತಿದ್ದಾಗ ಮೇಷ್ಟ್ರು ಪದೇ ಪದೇ ಹೇಳುತ್ತಿದ್ದ ಮಾತು ಒಂದೇ: ಉಸಿರು ಮೈಕಿಗೆ ಕೇಳಿಸಬಾರದು. ಸಾಲಿನ ಕೊನೆಗೆ ಮುಖವನ್ನು ತುಸು ಪಕ್ಕಕ್ಕೆ ತಿರುಗಿಸಿ ಉಸಿರು ಎಳೆದುಕೊಳ್ಳುವುದನ್ನು ಅವರು ಒಂದು ಮರ್ಯಾದೆಯ ಹಾಗೆ ಕಲಿಸಿದರು. ಇಂದು ಸ್ಟುಡಿಯೊದಲ್ಲಿ ಆ ಮರ್ಯಾದೆಯನ್ನು ಕಂಪ್ಯೂಟರು ವಹಿಸಿಕೊಂಡಿದೆ. ಉಸಿರು, ತುಟಿಯ ಸದ್ದು, ಕುರ್ಚಿಯ ಕಿರುಗುಟ್ಟುವಿಕೆ, ಒಂದು ಕೂದಲೆಳೆಯಷ್ಟು ಜಾರಿದ ಶ್ರುತಿ, ಎಲ್ಲವನ್ನೂ ಒರೆಸಿ ಹಾಕಬಹುದು. ಒರೆಸಬಹುದಾಗಿದ್ದರೂ ಒರೆಸದೆ ಬಿಟ್ಟಿರುವುದು, ಹಾಡುವವರು ಆ ಹೊತ್ತಿನಲ್ಲಿ ಯಾವ ಸ್ಥಿತಿಯಲ್ಲಿದ್ದರು ಎಂಬುದು ಕೇಳಿಸುವಂತೆ ಇಟ್ಟುಕೊಂಡಿರುವುದು ನಾನು ಮೆಚ್ಚಿದ ಈ ಹಾಡುಗಳಲ್ಲೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇದೆ.

ಉಸಿರಿನ ಮಾತು ಬಂದದ್ದರಿಂದ ಡಬ್ಲಿನ್ನಿನ ಫಾಂಟೇನ್ಸ್ ಡಿ.ಸಿ. ತಂಡದ ‘ಸ್ಟಾರ್‌ಬರ್ಸ್ಟರ್’ನಿಂದಲೇ ಆರಂಭಿಸುತ್ತೇನೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದಲ್ಲಿ ಗಾಯಕ ಗ್ರಿಯನ್ ಚಾಟನ್ ಅವರಿಗೆ ಇದ್ದಕ್ಕಿದ್ದಂತೆ ಎದೆ ಬಿಗಿದು ಗಾಬರಿ ಆವರಿಸಿದ ಅನುಭವದಿಂದ ಹುಟ್ಟಿದ ಹಾಡು ಇದು. ಮಾತುಗಳು ಒಂದರ ಬೆನ್ನಿಗೆ ಒಂದು ಬಿದ್ದು ಓಡುತ್ತವೆ, ಪಲ್ಲವಿಗೆ ಬಂದಾಗ ಅವರು ಗಟ್ಟಿಯಾಗಿ, ಮುಳುಗುತ್ತಿದ್ದವನು ನೀರಿನಿಂದ ತಲೆ ಎತ್ತಿದ ಹಾಗೆ, ಉಸಿರು ಎಳೆದುಕೊಳ್ಳುತ್ತಾರೆ. ಆ ಏದುಸಿರು ಹಾಡಿನ ತಾಳದೊಳಗೇ ಕೂತಿದೆ. ಎರಡನೆಯ ಸಲ ಬರುವ ಹೊತ್ತಿಗೆ ಕೇಳುವವರು ತಮಗೆ ಅರಿವಿಲ್ಲದೆ ತಾವೂ ಉಸಿರು ಎಳೆದಿರುತ್ತಾರೆ. ನನ್ನ ಮೇಷ್ಟ್ರು ಇದನ್ನು ಒಪ್ಪುತ್ತಿರಲಿಲ್ಲ. ಆದರೆ ಉಸಿರಿಗೆ ಹೆದರಿದ ಮನುಷ್ಯನ ಹಾಡಿನಲ್ಲಿ ಉಸಿರನ್ನು ಮುಚ್ಚಿಟ್ಟರೆ ಉಳಿಯುವುದೇನು?

ವರ್ಷದ ಅತ್ಯಂತ ವಿಚಿತ್ರವಾದ, ನನ್ನ ಮಟ್ಟಿಗೆ ಅತ್ಯಂತ ದೊಡ್ಡದಾದ ಕೃತಿ ಸಿಂಡಿ ಲೀ ಅವರ ‘ಡೈಮಂಡ್ ಜ್ಯೂಬಿಲಿ’. ಸಿಂಡಿ ಲೀ ಎಂಬುದು ಕೆನಡಾದ ಪ್ಯಾಟ್ರಿಕ್ ಫ್ಲೆಗೆಲ್ ಅವರು ಧರಿಸುವ ಪಾತ್ರ. ಹಿಂದೆ ಕ್ಯಾಲ್ಗರಿಯ ‘ವಿಮೆನ್’ ಎಂಬ ತಂಡದಲ್ಲಿದ್ದ ಅವರು ಈಗ ಮಿನುಗುವ ಗೌನು, ಕಟ್ಟಿದ ಕೇಶ ಧರಿಸಿ ಒಬ್ಬರೇ ರಂಗಕ್ಕೆ ಬರುತ್ತಾರೆ. ಯಕ್ಷಗಾನದ ಸ್ತ್ರೀವೇಷವನ್ನು ಕಂಡು ಬೆಳೆದವರಿಗೆ, ವೇಷ ಕಟ್ಟಿದ ಮೇಲೆಯೇ ಕೆಲವು ಭಾವಗಳು ಬಾಯಿಗೆ ಬರುತ್ತವೆ ಎಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

2024ರ ಮಾರ್ಚ್ ಕೊನೆಗೆ ಬಂದ ಈ ಕೃತಿಯಲ್ಲಿ 32 ಹಾಡುಗಳಿವೆ, ಎರಡು ಗಂಟೆಗೂ ಮೀರಿದ ಸಂಗೀತವಿದೆ. ಆ ವರ್ಷ ಅದು ಸ್ಪಾಟಿಫೈನಲ್ಲಾಗಲಿ ಅಂಥ ಇತರ ಸೇವೆಗಳಲ್ಲಾಗಲಿ ಸಿಗುತ್ತಿರಲಿಲ್ಲ. ಯೂಟ್ಯೂಬಿನಲ್ಲಿ ಇಡೀ ಕೃತಿ ಒಂದೇ ಉದ್ದನೆಯ ವಿಡಿಯೊ ಆಗಿ ಇತ್ತು. ಇಳಿಸಿಕೊಳ್ಳಬೇಕೆಂದವರು ಇಪ್ಪತ್ತೈದು ವರ್ಷ ಹಿಂದಿನ ಇಂಟರ್‌ನೆಟ್ಟಿನ ನೆನಪು ತರುವ ಜಿಯೋಸಿಟೀಸ್ ಪುಟವೊಂದಕ್ಕೆ ಹೋಗಿ, ಮನಸ್ಸಿದ್ದರೆ 30 ಕೆನಡಾ ಡಾಲರ್ ಕಳಿಸಿ, ಕಡತವನ್ನು ತೆಗೆದುಕೊಳ್ಳಬೇಕಿತ್ತು. ಹೀಗೆ ಮಾಡಿದರೆ ಯಾರು ಕೇಳುತ್ತಾರೆ ಎಂದು ನಾವು ಯಾರಾದರೂ ಅಂದುಕೊಳ್ಳುತ್ತಿದ್ದೆವು. ಕೇಳಿದರು. ಆಗಷ್ಟೇ ಪೆಟ್ಟು ತಿಂದಿದ್ದ ಪಿಚ್‌ಫೋರ್ಕ್ ಅದಕ್ಕೆ ಹತ್ತರಲ್ಲಿ 9.1 ಅಂಕ ಕೊಟ್ಟಿತು, ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಮೇ ತಿಂಗಳ ಹೊತ್ತಿಗೆ ಫ್ಲೆಗೆಲ್ ತಮ್ಮ ಪ್ರವಾಸದ ಉಳಿದ ಕಾರ್ಯಕ್ರಮಗಳನ್ನೇ ರದ್ದುಮಾಡಿ ಸುಮ್ಮನಾದರು.

ಇಷ್ಟೆಲ್ಲ ಕಥೆಯನ್ನು ಬದಿಗಿಟ್ಟು ಕೇಳಿದರೂ ಹಾಡುಗಳು ನಿಲ್ಲುತ್ತವೆ. 1960ರ ದಶಕದ ಹುಡುಗಿಯರ ಗಾಯನ ತಂಡಗಳ ಇನಿದನಿ, ಅದರ ಕೆಳಗೆ ಎಲ್ಲೋ ದೂರದ ರೇಡಿಯೊ ಸ್ಟೇಷನ್ನು ಸರಿಯಾಗಿ ಸಿಗದೆ ಹೋದಾಗಿನ ಮಬ್ಬು, ಆ ಮಬ್ಬನ್ನು ಸೀಳಿಕೊಂಡು ಬರುವ ಗಿಟಾರು. ರಾತ್ರಿ ವಿವಿಧಭಾರತಿ ಕೇಳುತ್ತ ಮಲಗುತ್ತಿದ್ದ ನನ್ನ ಪೀಳಿಗೆಯವರಿಗೆ ಈ ಮಬ್ಬಿನ ಪರಿಚಯವಿದೆ. ಎರಡು ಗಂಟೆ ಕೂರಲಾರೆ ಎನ್ನುವವರು ‘ಬೇಬಿ ಬ್ಲೂ’ ಎಂಬ ಒಂದನ್ನು ಕೇಳಿ. ಅದು ಹಿಡಿಸಿದರೆ ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನವನ್ನು ಉಳಿದ ಮೂವತ್ತೊಂದಕ್ಕೆ ಎತ್ತಿಡಿ. ಕೆಲವು ಹಾಡುಗಳು ಸುಮ್ಮನೆ ಎಳೆಯುತ್ತವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅವನ್ನು ಕಿತ್ತುಹಾಕಿದ್ದರೆ ಕೃತಿ ಚೊಕ್ಕವಾಗುತ್ತಿತ್ತು, ಆದರೆ ಆ ಮಬ್ಬಿನಲ್ಲಿ ದಾರಿತಪ್ಪಿ ಅಲೆಯುವ ಸುಖ ಹೋಗುತ್ತಿತ್ತು.

ವ್ಯಾಕ್ಸಹ್ಯಾಚಿ ಎಂಬ ಹೆಸರಿನಲ್ಲಿ ಹಾಡುವ ಕೇಟಿ ಕ್ರಚ್‌ಫೀಲ್ಡ್ ಅವರ ‘ರೈಟ್ ಬ್ಯಾಕ್ ಟು ಇಟ್’ ಇದಕ್ಕೆ ತದ್ವಿರುದ್ಧ. ತಿಳಿ ನೀರಿನ ಹಾಗೆ ತಳ ಕಾಣುವ ಹಾಡು. ಆ ಹೆಸರು ಅಮೆರಿಕದ ಅಲಬಾಮಾದಲ್ಲಿ ಅವರು ಬೆಳೆದ ಸೀಮೆಯ ಒಂದು ಹೊಳೆಯದು. ಪ್ರೇಮಗೀತೆಗಳೆಲ್ಲ ಪ್ರೇಮ ಹುಟ್ಟಿದ ದಿನವನ್ನೋ ಮುರಿದ ದಿನವನ್ನೋ ಹಾಡುತ್ತಿರುವಾಗ ಇದು ನಡುವಣ ದೀರ್ಘ ವರ್ಷಗಳನ್ನು, ದೂರ ಸರಿದು ಮತ್ತೆ ಅಲ್ಲಿಗೇ ಬಂದು ಕೂರುವ ಹಳೆಯ ಒಡನಾಟವನ್ನು ಹಾಡುತ್ತದೆ. ನಮ್ಮಲ್ಲಿ ಕೆ.ಎಸ್.ನ. ಅವರನ್ನು ಓದಿದವರಿಗೆ ದಾಂಪತ್ಯವೂ ಪ್ರೇಮಗೀತೆಯ ವಸ್ತುವಾಗಬಲ್ಲದು ಎಂಬುದು ಗೊತ್ತೇ ಇದೆ. ಬ್ಯಾಂಜೊ ಒಂದೇ ಸಮನೆ ಮೀಟುತ್ತಿರುತ್ತದೆ, ಪಲ್ಲವಿಯಲ್ಲಿ ಎಂ.ಜೆ. ಲೆಂಡರ್‌ಮನ್ ಅವರ ತುಸು ಸೋಮಾರಿಯಾದ, ಸ್ವರದ ಅಂಚಿಗೆ ತಾಗಿಯೂ ತಾಗದ ದನಿ ಕೇಟಿಯವರ ದನಿಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಎರಡು ದನಿಗಳ ನಡುವೆ ಉಳಿದುಹೋದ ಆ ಸಣ್ಣ ಬಿರುಕೇ ನನಗೆ ಈ ಹಾಡಿನ ಜೀವ. ಲೆಂಡರ್‌ಮನ್ ಅವರದೇ ‘ಶೀಸ್ ಲೀವಿಂಗ್ ಯು’ ಕೂಡ ಅದೇ ವರ್ಷದ್ದು. ನಗು ಬರುವ ಹಾಗೆ ಶುರುವಾಗಿ, ನಕ್ಕದ್ದಕ್ಕೆ ನಾಚಿಕೆಯಾಗುವ ಹಾಗೆ ಮುಗಿಯುತ್ತದೆ.

ಲಾಸ್ ಏಂಜಲೀಸಿನ ಜೆಸಿಕಾ ಪ್ರ್ಯಾಟ್ ಅವರ ‘ಲೈಫ್ ಈಸ್’ ಬಗ್ಗೆ ಹೆಚ್ಚು ಹೇಳಲಾರೆ. ಅದಿರುವ ‘ಹಿಯರ್ ಇನ್ ದ ಪಿಚ್’ ಕೃತಿಯ ಒಂಬತ್ತು ಹಾಡುಗಳೂ ಸೇರಿ ಅರ್ಧ ಗಂಟೆ ಆಗುವುದಿಲ್ಲ. ಕೇಳುವುದೇ ಸುಲಭ.

ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಎಂಬ ತಂಡದ ಹೆಸರಿನಲ್ಲಿ ಕಂಪನಿ ಇದೆಯೇ ಹೊರತು ಅದರ ಬೆನ್ನಿಗೆ ಯಾವ ದೊಡ್ಡ ಕಂಪನಿಯೂ ನಿಂತು ಅದನ್ನು ಬೆಳೆಸಲಿಲ್ಲ. ಆಗಸ್ಟಿನಲ್ಲಿ ಅವರ ‘ಬೇಟಾ’ ಎಂಬ ಕೃತಿ ಬಂತು. ಹಿಂದಿಯಲ್ಲಿ ಮಗ, ತಂತ್ರಾಂಶದವರ ಬಾಯಲ್ಲಿ ಇನ್ನೂ ಪರೀಕ್ಷೆಯಲ್ಲಿರುವ ಸರಕು, ಎರಡೂ ಆ ಶಬ್ದದಲ್ಲಿ ನನಗೆ ಕೇಳಿಸುತ್ತವೆ. ಅದರ ‘ಸಡನ್ಲಿ’ ಎಂಬ ಹಾಡನ್ನು ನಾನು ಶಿಫಾರಸು ಮಾಡುತ್ತೇನೆ. ತಂಡದ ಗಾಯಕ ಸೂರ್ಯಕಾಂತ್ ಸಾಹ್ನಿ ಹಾಡುವುದು ಇಂಗ್ಲಿಷಿನಲ್ಲೇ ಆದರೂ ಅವರ ದನಿಯ ನಿಧಾನದಲ್ಲಿ ನಮ್ಮ ಹಳೆಯ ಸಿನಿಮಾ ಹಾಡುಗಳ ಮದುವೆಮನೆ, ಮೆರವಣಿಗೆ, ಮೆರವಣಿಗೆ ಮುಗಿದ ಮೇಲಿನ ಖಾಲಿ ಬೀದಿ ಎಲ್ಲವೂ ಇವೆ. ಸಿನಿಮಾದ ಹೊರಗೆ ನಿಂತು ಸಿನಿಮಾದ ನೆನಪನ್ನು ಹೀಗೆ ದುಡಿಸಿಕೊಂಡವರು ನಮ್ಮ ದೇಶದಲ್ಲಿ ಹೆಚ್ಚು ಜನ ಇಲ್ಲ.

ಕೊನೆಯದು ಅಮೆರಿಕದ ಗಾಯಕಿ ಏಡ್ರಿಯನ್ ಲೆಂಕರ್ ಅವರ ‘ರಿಯಲ್ ಹೌಸ್’. ‘ಬ್ರೈಟ್ ಫ್ಯೂಚರ್’ ಎಂಬ ಅವರ ಕೃತಿ ಇದರಿಂದಲೇ ಆರಂಭವಾಗುತ್ತದೆ. ಕಾಡಿನ ನಡುವಿನ ಒಂದು ಸ್ಟುಡಿಯೊದಲ್ಲಿ ಕೆಲವೇ ಗೆಳೆಯರು ಸೇರಿ, ಕಂಪ್ಯೂಟರಿನ ಗೊಡವೆಯಿಲ್ಲದೆ, ನೇರವಾಗಿ ಟೇಪಿನ ಮೇಲೆ ಮುದ್ರಿಸಿಕೊಂಡ ಕೃತಿ ಅದು. ‘ರಿಯಲ್ ಹೌಸ್’ನಲ್ಲಿ ತಾಳವಾದ್ಯವಿಲ್ಲ, ಪಲ್ಲವಿ ಎನ್ನಬಹುದಾದದ್ದೂ ಇಲ್ಲ, ಪಿಯಾನೊದ ಒಂದೊಂದು ಸ್ವರ ಇಳಿದು ಆರಿದ ಮೇಲೆ ಮುಂದಿನದು. ಏಳು ವರ್ಷದವಳಾಗಿದ್ದಾಗ ನೋಡಿ ಹೆದರಿದ ಮೊದಲ ಸಿನಿಮಾ, ಈಗ ಮೂವತ್ತೊಂದಾದರೂ ಗಟ್ಟಿಯಾಗದ ಮನಸ್ಸು, ಇವನ್ನೆಲ್ಲ ಅಮ್ಮನ ಹತ್ತಿರ ಕೂತು ಹೇಳಿದಂತೆ ಹೇಳುತ್ತ ಹೋಗುವ ಹಾಡು ಕೊನೆಗೆ ಮನೆಯ ನಾಯಿ ಸತ್ತ ದಿನಕ್ಕೆ ಬರುತ್ತದೆ. ಅಮ್ಮ ಅತ್ತದ್ದನ್ನು ಅವರು ಮೊದಲ ಬಾರಿಗೆ ಕಂಡದ್ದು ಅಂದು. ಆ ಸಾಲನ್ನು ಅವರು ಎತ್ತರಿಸಿ ಹಾಡುವುದಿಲ್ಲ, ಎಳೆಯುವುದಿಲ್ಲ. ಮಾತು ಮುಗಿದ ಮೇಲೆ ಕೋಣೆ ಮಾತ್ರ ಒಂದಿಷ್ಟು ಹೊತ್ತು ಕೇಳಿಸುತ್ತದೆ.

ಇದನ್ನು ನಾನು ಮೊದಲು ಬಸ್ಸಿನಲ್ಲಿ ಕೇಳಿದೆ, ಏನೂ ಅನ್ನಿಸಲಿಲ್ಲ. ಕರೆಂಟು ಹೋದ ಒಂದು ರಾತ್ರಿ, ಮನೆಯಲ್ಲಿ ಫ್ರಿಜ್ಜಿನ ಸದ್ದೂ ಇಲ್ಲದಿದ್ದಾಗ, ಫೋನಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ಮತ್ತೆ ಕೇಳಿದೆ. ಅವರು ಸಾಲು ಶುರುಮಾಡುವ ಮುಂಚಿನ ಉಸಿರು ಅಂದು ಕೇಳಿಸಿತು. ಈಗ ಅದನ್ನು ಇಲ್ಲಿ ಹಾಕುತ್ತೇನೆ. ಹಿಂದಿನ ಸಾಲಿನಲ್ಲಿರುವವರು ದಯವಿಟ್ಟು ಆ ಎರಡು ಫ್ಯಾನುಗಳನ್ನು ಆರಿಸಿ.