ಸ್ಕ್ಯಾನ್ ಆಯ್ತು ಸರಿ, ಓದೋರು ಯಾರು?

ಎಲ್ಲರಿಗೂ ನಮಸ್ಕಾರ. ಇವತ್ತು ಗ್ರಂಥಾಲಯದ ಬಗ್ಗೆ ಮಾತಾಡೋಣ. ಕಾದಂಬರಿ ತರೋಕೆ, ಪೇಪರ್ ಓದೋಕೆ ಹೋಗುವ ಗ್ರಂಥಾಲಯ ಅಲ್ಲ. ನಮ್ಮ ಸೀಮೆಯ ಇತಿಹಾಸವನ್ನು ಕೂಡಿಟ್ಟಿರುವ ಗ್ರಂಥಾಲಯ. ಅಲ್ಲಿ ತಾಳೆಗರಿ ಇರುತ್ತದೆ, ಕಡತ, ಊರೂರಿನ ಕಥೆ ಬರೆದಿಟ್ಟ ಕೈಫಿಯತ್ತು, ಹಳೆ ಪತ್ರಿಕೆ, ನಕ್ಷೆ, ಶಾನುಭೋಗರ ಲೆಕ್ಕದ ಪುಸ್ತಕ ಇರುತ್ತದೆ. ಕರ್ನಾಟಕದಲ್ಲಿ ಇಂಥ ಸಂಗ್ರಹಗಳಿಗೆ ಕೊರತೆಯಿಲ್ಲ. ವಿಶ್ವವಿದ್ಯಾಲಯಗಳಲ್ಲಿವೆ, ಮಠಗಳಲ್ಲಿವೆ, ಬಸದಿಗಳಲ್ಲಿವೆ, ಸರ್ಕಾರದ ಪತ್ರಾಗಾರದಲ್ಲೂ ಇವೆ.

ಇವುಗಳ ಬಗ್ಗೆ ಈಗ ಸುದ್ದಿ ಬಂತು ಅಂದ್ರೆ ಹೆಚ್ಚಾಗಿ ಒಂದೇ ವಿಷಯ. ಇಷ್ಟು ಪುಟ ಸ್ಕ್ಯಾನ್ ಆಯ್ತು, ಇನ್ನಿಷ್ಟು ಬಾಕಿ. ಒಳ್ಳೆಯ ಕೆಲಸ, ನಡೆಯಲಿ. ಆದರೆ ಸ್ಕ್ಯಾನರ್ ಕೊಳ್ಳುವ ಮೊದಲು ಓದಬಲ್ಲ ಮನುಷ್ಯನಿಗೆ ಸಂಬಳ ಕೊಡಿ ಅನ್ನುವುದು ನನ್ನ ಮಾತು. ಓದಿ, ಇದು ಏನು, ಯಾರ ಮನೆಯದ್ದು, ಎಲ್ಲಿಂದ ಬಂತು ಅಂತ ಸೂಚಿಯಲ್ಲಿ ಬರೆದಿಡುವವರು ಬೇಕು. ಅವರಿಲ್ಲದೆ ಎಷ್ಟು ಪುಟ ಕಂಪ್ಯೂಟರ್‌ಗೆ ಹೋದರೂ ಕತ್ತಲೆ ಕೋಣೆಯ ಗಂಟು ಬೆಳಕಿನ ಕೋಣೆಗೆ ಬಂತು, ಅಷ್ಟೇ. ಗಂಟು ಬಿಚ್ಚಲಿಲ್ಲ.

ಮೈಸೂರಿನ ಕಥೆಯನ್ನೇ ನೋಡಿ. 1891ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಅಲ್ಲಿ ಓರಿಯೆಂಟಲ್ ಲೈಬ್ರರಿ ಶುರುವಾಯಿತು. ಈಗ ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ. ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟನ್ನು ಅಲ್ಲಿಗೆ ಕೊಟ್ಟರು. ಭಾಷೆ ಸಂಸ್ಕೃತ, ಲಿಪಿಯ ಹೆಸರು 'ಗ್ರಂಥ', ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ. ಅಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಓದಿದರು. 1905ರ ಸುಮಾರಿಗೆ ಜಗತ್ತಿಗೆ ಗೊತ್ತಾಯಿತು, ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ. ಹೆಸರು ವಿದ್ವಾಂಸರಿಗೆಲ್ಲ ಗೊತ್ತಿತ್ತು, ಅದರ ಅಲ್ಲೊಂದು ಇಲ್ಲೊಂದು ಮಾತು ಬೇರೆ ಗ್ರಂಥಗಳಲ್ಲಿ ಸಿಗುತ್ತಿತ್ತು. ಪೂರ್ತಿ ಗ್ರಂಥ ಮಾತ್ರ ಅವರ ಕೈಗೆ ಸಿಕ್ಕಿರಲಿಲ್ಲ. 1909ರಲ್ಲಿ ಶಾಸ್ತ್ರಿಗಳು ಅದನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷಿಗೂ ತಂದರು.

ಇಲ್ಲಿ ಎಲ್ಲರೂ ಆ ಹಸ್ತಪ್ರತಿಯನ್ನು ಹೊಗಳುತ್ತಾರೆ. ನಾನು ಗ್ರಂಥಪಾಲಕರ ಹುದ್ದೆಯನ್ನು ಹೊಗಳುತ್ತೇನೆ. ಗ್ರಂಥ ಲಿಪಿ ಬರುವ, ಸಂಸ್ಕೃತ ಬಲ್ಲ, ಕಟ್ಟು ಬಿಚ್ಚಿ ಕೂರಲು ಪುರುಸೊತ್ತಿದ್ದ ಒಬ್ಬರನ್ನು ಸಂಸ್ಥಾನ ಸಂಬಳ ಕೊಟ್ಟು ಕೂರಿಸಿತ್ತು. ಅವರಿಲ್ಲದಿದ್ದರೆ ಆ ಕಟ್ಟು ಕಪಾಟಿನಲ್ಲಿ ಒಂದು ನಂಬರ್ ಆಗಿ ಉಳಿಯುತ್ತಿತ್ತು.

ಈಗ ಯೋಚನೆ ಮಾಡಿ, ನಮ್ಮ ಹಳೆಯ ಬರಹ ಎಷ್ಟು ಲಿಪಿಗಳಲ್ಲಿದೆ ಅಂತ. ಕರಾವಳಿ, ಮಲೆನಾಡಿನ ಎಷ್ಟೋ ಸಂಸ್ಕೃತ ಓಲೆಗಳು ತಿಗಳಾರಿಯಲ್ಲಿವೆ. ಮಾಧ್ವ ಮಠಗಳಲ್ಲಿ ನಂದಿನಾಗರಿ. ಬೆಳಗಾವಿ, ಧಾರವಾಡ, ವಿಜಯಪುರ ಕಡೆ ಪೇಶ್ವೆ ಕಾಲದ ಕಾಗದಪತ್ರ ಬಂದರೆ ಮೋಡಿ. ಮೋಡಿ ಅಂದ್ರೆ ಲೇಖನಿ ಎತ್ತದೆ ಸರಸರ ಬರೆದ ಅಕ್ಷರ, ಒಂದರ ಬಾಲ ಇನ್ನೊಂದರ ತಲೆಗೆ ಅಂಟಿರುತ್ತದೆ. ಇಂಥ ಪುಟವನ್ನು ಎಷ್ಟೇ ಚೆನ್ನಾಗಿ ಸ್ಕ್ಯಾನ್ ಮಾಡಿದರೂ ಸಿಗುವುದು ಅದರ ಫೋಟೋ. ಊರಿನ ಹೆಸರು ಹಾಕಿ ಹುಡುಕಿದರೆ ಬರುವುದಿಲ್ಲ. ಯಾರಾದರೂ ಓದಿ, ಆ ಊರಿನ ಹೆಸರನ್ನು ಪಕ್ಕದಲ್ಲಿ ಬರೆದಿದ್ದರೆ ಮಾತ್ರ ಬರುತ್ತದೆ. ಓದಬಲ್ಲವರು ಕಡಿಮೆ ಆಗುತ್ತಿದ್ದಾರೆ. ಈಗ ಇರುವವರ ಹತ್ತಿರ ನಾಲ್ಕು ಹುಡುಗರನ್ನು ಕೂರಿಸಿ ಕಲಿಸದಿದ್ದರೆ, ಮುಂದೆ ದುಡ್ಡಿದ್ದರೂ ಕಲಿಸುವವರು ಸಿಗುವುದಿಲ್ಲ.

ಕಡತದ ವಿಷಯ ಹೇಳಲೇಬೇಕು, ನನಗೆ ತುಂಬಾ ಇಷ್ಟವಾದದ್ದು ಅದು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿದರೆ ಗಟ್ಟಿಯಾಗಿ ಹಲಗೆಯಂತೆ ಆಗುತ್ತದೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಕಪ್ಪು ಬಟ್ಟೆ, ಬಿಳಿ ಅಕ್ಷರ. ಬಿಚ್ಚಿದರೆ ಹಾವಿನ ಹಾಗೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಮಠದವರು, ವ್ಯಾಪಾರಿಗಳು, ಲೆಕ್ಕ ಬರೆಯುವವರು ಎಲ್ಲರೂ ಬಳಸಿದರು. ಬೇಡ ಅನಿಸಿದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಅಂದರೆ ಇವತ್ತು ನಮಗೆ ಸಿಕ್ಕಿರುವ ಪ್ರತಿ ಕಡತವೂ ಒರೆಸುವ ಕೈಯಿಂದ ತಪ್ಪಿಸಿಕೊಂಡು ಬಂದದ್ದು! ಇಂಥ ವಸ್ತುವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ 'ಶುಚಿ' ಮಾಡಿಬಿಟ್ಟರೆ ಕಥೆ ಮುಗಿಯಿತು. ಅದಕ್ಕೇ ಬಲ್ಲವರು ಬೇಕು ಅನ್ನುವುದು.

ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ರಾಶಿಯೇ ಇದೆ. ಅದೇ ಮಠದಲ್ಲಿ 1916ರಲ್ಲಿ, ಆಗ ಮೈಸೂರು ಪುರಾತತ್ವ ಇಲಾಖೆ ನೋಡಿಕೊಳ್ಳುತ್ತಿದ್ದ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಒಂದು ಪತ್ರದ ಕಟ್ಟು ಬಿತ್ತು. ಟಿಪ್ಪು ಸುಲ್ತಾನ ಮಠದ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು. 1791ರಲ್ಲಿ ಮರಾಠಾ ಸೈನ್ಯದವರು ಮಠವನ್ನು ಲೂಟಿ ಮಾಡಿದ ಮೇಲೆ ಕಳಿಸಿದ ಪತ್ರಗಳೂ ಅದರಲ್ಲಿವೆ. ಟಿಪ್ಪುವನ್ನು ನೀವು ಹೇಗಾದರೂ ನೋಡಿ, ಅವನ ಬಗ್ಗೆ ವಾದ ಮಾಡುವವರು ಇವತ್ತಿಗೂ ಆ ಕಟ್ಟನ್ನು ದಾಟಿ ಹೋಗುವ ಹಾಗಿಲ್ಲ. ನೂರಕ್ಕೂ ಹೆಚ್ಚು ವರ್ಷ ಅದು ಸುಮ್ನೆ ಅಲ್ಲೇ ಇತ್ತು.

ಕೈಫಿಯತ್ತುಗಳದ್ದು ಇನ್ನೊಂದು ಬಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಮಾಡಿದ. ಜೊತೆಗೆ ಕಾವಲಿ ವೆಂಕಟ ಬೊರಯ್ಯನಂಥ ಸಹಾಯಕರನ್ನು ಇಟ್ಟುಕೊಂಡು ಊರೂರಿನ ಕಥೆ ಬರೆಸಿದ. ಕೆರೆ ಕಟ್ಟಿಸಿದವರು ಯಾರು, ಪಾಳೆಯಗಾರ ಎಲ್ಲಿಂದ ಬಂದ, ದೇವಸ್ಥಾನಕ್ಕೆ ಬಿಟ್ಟ ಮಾನ್ಯದ ಜಮೀನು ಎಷ್ಟು, ಎಲ್ಲ ಅದರಲ್ಲಿದೆ. 1821ರಲ್ಲಿ ಅವನು ತೀರಿಕೊಂಡ ಮೇಲೆ ಆ ರಾಶಿ ಲಂಡನ್, ಮದ್ರಾಸು ಅಂತ ಹಂಚಿಹೋಯಿತು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಒಂದೆಡೆ ತಂದರು. ಅದರಲ್ಲಿರುವುದೆಲ್ಲ ನಿಜ ಅಂತ ಯಾರೂ ಹೇಳುವುದಿಲ್ಲ. ಆದರೆ ಇದು ಇಂಥ ಊರಿನದ್ದು ಅಂತ ತಿಳಿದಿರುವುದರಿಂದ ಅಲ್ಲಿನ ಶಾಸನದ ಪಕ್ಕ, ಅಲ್ಲಿನ ಕೆರೆಯ ಪಕ್ಕ ಇಟ್ಟು ನೋಡಬಹುದು. ಊರಿನ ಹೆಸರು ಕಿತ್ತುಹಾಕಿ, ಏನು ಉಳಿಯುತ್ತದೆ?

ಇನ್ನು ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ. ನಾವು ಹಳೆಯದು ಅಂದ್ರೆ ತಾಳೆಗರಿ ಕಡೆಗೇ ಓಡುತ್ತೇವೆ. ಚೆನ್ನಾಗಿ ನೋಡಿಕೊಂಡರೆ ತಾಳೆಗರಿ ಕೆಲವು ಶತಮಾನ ಬಾಳುತ್ತದೆ. ಎಣ್ಣೆ ಸವರಿ, ಎರಡು ಹಲಗೆ ನಡುವೆ ಕಟ್ಟಿ, ಬಟ್ಟೆ ಸುತ್ತಿಟ್ಟರೆ ಹುಳು ಬೇಗ ಮುಟ್ಟುವುದಿಲ್ಲ. ಮರದ ತಿರುಳಿನಿಂದ ಮಾಡಿದ ನ್ಯೂಸ್‌ಪ್ರಿಂಟ್ ಹಾಗಲ್ಲ. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಮುಟ್ಟಿದರೆ ಹಪ್ಪಳದ ಚೂರು. ಹಾಗಾಗಿ ಸ್ಕ್ಯಾನರ್ ಇದ್ದರೆ ಮೊದಲ ಸರದಿ 20ನೇ ಶತಮಾನದ ಪತ್ರಿಕೆಗಳದ್ದು ಆಗಬೇಕು. ಸಣ್ಣ ಊರಿನ ವಾರಪತ್ರಿಕೆ, ಜಾತಿ ಸಂಘದ ಮಾಸಪತ್ರಿಕೆ, ಸಹಕಾರ ಸಂಘದ ವರದಿ. ಇವು ನಮ್ಮ ಕಣ್ಣೆದುರೇ ಪುಡಿಯಾಗುತ್ತಿವೆ.

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಹೊರಬಂದಾಗ ಅದು ಕಲ್ಲಚ್ಚಿನಲ್ಲಿ ಒತ್ತಿದ ಸುದ್ದಿ ಹಾಳೆ. ಓದಿ ಬಿಸಾಡುವಂಥದ್ದು. ಯಾರೋ ಬಿಸಾಡಲಿಲ್ಲ, ಅದಕ್ಕೇ ಇವತ್ತು ಜುಲೈ 1 ನಮಗೆ ಪತ್ರಿಕಾ ದಿನ.

ಪುಸ್ತಕ, ಪತ್ರಿಕೆಗಾದರೂ ಕಾನೂನಿದೆ. ಪ್ರಕಾಶಕರು ಪ್ರತಿ ಕಳಿಸಬೇಕು ಅಂತ 1954ರ ಕೇಂದ್ರ ಕಾಯ್ದೆ ಹೇಳುತ್ತದೆ. ಜಾತ್ರೆಯ ಕರಪತ್ರ? ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು? ಮದುವೆಯ ಲಗ್ನಪತ್ರಿಕೆ, ಮುಯ್ಯಿ ಬರೆದ ಪುಸ್ತಕ, ಮಂಡಿ ಧಾರಣೆಯ ಚೀಟಿ? ಇವುಗಳನ್ನು ಉಳಿಸು ಅಂತ ಯಾವ ಕಾನೂನೂ ಹೇಳಲ್ಲ. ಆದರೆ ಒಂದು ಮುಯ್ಯಿ ಪುಸ್ತಕದಲ್ಲಿ ಯಾವ ಮನೆಗೂ ಯಾವ ಮನೆಗೂ ಕೊಡು-ಕೊಳ್ಳುವ ಸಂಬಂಧ ಇತ್ತು, ಯಾರು ದುಡ್ಡು ಕೊಟ್ಟರು, ಯಾರು ಪಾತ್ರೆ ಕೊಟ್ಟರು, ಎಲ್ಲ ಇರುತ್ತದೆ. ರಾಜರ ಶಾಸನದಲ್ಲಿ ಸಿಗದ ಊರು ಅಲ್ಲಿ ಸಿಗುತ್ತದೆ. ಇವನ್ನು ಕೂಡಿಡುವುದು ಪ್ರಾದೇಶಿಕ ಗ್ರಂಥಾಲಯದ ಕೆಲಸವೇ. ಬೇರೆ ಯಾರೂ ಮಾಡುವುದಿಲ್ಲ.

ದುಡ್ಡು ಎಲ್ಲಿಂದ ಅಂತ ಕೇಳಬಹುದು. ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ನಾವು ಕಟ್ಟುತ್ತಲೇ ಇದ್ದೇವೆ. ಅದರಲ್ಲಿ ಜಿಲ್ಲೆಗೊಬ್ಬರಂತೆ, ಹಳೆ ಲಿಪಿ ಬಲ್ಲ, ಸೂಚಿ ಬರೆಯಬಲ್ಲ ಒಬ್ಬರನ್ನು ನೇಮಿಸಿ ಅನ್ನುವುದು ಅತಿಯಾಸೆ ಅಲ್ಲ, ಅಲ್ವಾ?

ನಿಮ್ಮ ಮನೆ ಅಟ್ಟದಲ್ಲೂ ಒಂದು ಗಂಟು ಇರಬಹುದು. ರದ್ದಿಗೆ ಹಾಕಬೇಡಿ. ಹರಿದಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಕಟ್ಟಿದ ಕ್ರಮ ಕೆಡಿಸದೆ ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಯಾವುದಾದರೂ ಸಂಗ್ರಹಕ್ಕೆ ಕೊಡುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದು ಚೀಟಿ ಬರೆಯಿರಿ. ಯಾವ ಊರು, ಯಾರ ಕಾಲದ್ದು, ಯಾರ ಕೈಯಿಂದ ಯಾರ ಕೈಗೆ ಬಂತು ಅಂತ. ಪೆನ್ಸಿಲ್‌ನಲ್ಲೇ ಬರೆಯಿರಿ, ತೇವ ತಾಗಿದರೆ ಪೆನ್ನಿನ ಇಂಕು ಹರಡುತ್ತದೆ.