ಬಂಡೆ ಕಾಯುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

ಚಿತ್ರದುರ್ಗದಲ್ಲೇ ಇದ್ದು ಕೋಟೆ ಹತ್ತಿ ಎಷ್ಟು ವರ್ಷವಾಯಿತು? ನಿಮ್ಮನ್ನೇ ಕೇಳಿಕೊಳ್ಳಿ. ಬಹಳಷ್ಟು ಜನಕ್ಕೆ ಹೈಸ್ಕೂಲಿನಲ್ಲಿ ಮೇಷ್ಟ್ರ ಹಿಂದೆ ಸಾಲಾಗಿ ಹೋದದ್ದೇ ಕೊನೆ. ಆಮೇಲೆ ಹತ್ತುವುದು ನೆಂಟರು ಬಂದಾಗ. ನೆಂಟರು ಬರುವುದು ಮಕ್ಕಳಿಗೆ ರಜಾ ಸಿಕ್ಕಾಗ. ರಜಾ ಸಿಗುವುದು ಏಪ್ರಿಲ್‌ನಲ್ಲಿ. ಏಪ್ರಿಲ್ ಮಧ್ಯಾಹ್ನ ನಮ್ಮ ಕಲ್ಲಿನ ಕೋಟೆ ಹತ್ತುವುದೂ ಒಂದೇ, ಕಾದ ಹೆಂಚಿನ ಮೇಲೆ ರೊಟ್ಟಿಯಾಗಿ ಬೀಳುವುದೂ ಒಂದೇ. ಹಾಗೆ ಒಂದು ಸಲ ಬೆಂದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ನಾನು ವಿಜ್ಞಾನದ ಮೇಷ್ಟ್ರಾಗಿದ್ದವನು. ಒಂದೇ ಮಾತನ್ನು ಹತ್ತು ಸಲ ಹೇಳುವ ಚಟ ಇನ್ನೂ ಹೋಗಿಲ್ಲ, ಕ್ಷಮಿಸಿ. ಇವತ್ತಿನ ಮಾತು ಇಷ್ಟೆ: ಬಂಡೆ ಕಾಯುವ ಮುಂಚೆ ಬನ್ನಿ. ವರ್ಷದ ಲೆಕ್ಕದಲ್ಲಿ ಶಿವರಾತ್ರಿಗೆ ಮುಂಚೆ, ದಿನದ ಲೆಕ್ಕದಲ್ಲಿ ಹತ್ತು ಗಂಟೆಗೆ ಮುಂಚೆ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೊರಟುಹೋಗುತ್ತದೆ. ಆಮೇಲೆ ನನ್ನನ್ನು ಕೇಳಬೇಡಿ.

ಮಾಗಿ ಚಳಿಯಲ್ಲಿ ಯಾರು ಏಳುತ್ತಾರೆ ಸ್ವಾಮಿ, ಅನ್ನುತ್ತೀರಿ. ಸಂಕ್ರಾಂತಿ ಹೊತ್ತಿಗೆ ನಮ್ಮಲ್ಲಿ ಸೂರ್ಯ ಮೂಡುವುದೇ 6.45 ದಾಟಿದ ಮೇಲೆ, ಅವನಿಗಿಂತ ಮುಂಚೆ ಏಳುವುದು ಅಂಥ ಸಾಹಸವೇನಲ್ಲ. ಇನ್ನೊಂದು ವಿಷಯ. ಊರೊಳಗೇ ಇಷ್ಟು ಚಳಿ, ಬೆಟ್ಟದ ಮೇಲೆ ಇನ್ನೆಷ್ಟೋ ಅಂತ ಎಲ್ಲರೂ ಹೆದರುತ್ತಾರೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಆಗುವುದು ತಿರುಗುಮುರುಗು. ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಅದಕ್ಕೆ ಅಂಟಿಕೊಂಡ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿಜಾರು ಹಿಡಿದು ತಗ್ಗಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಚಂದ್ರವಳ್ಳಿಯ ಕಣಿವೆಯಲ್ಲಿ ಹಲ್ಲು ಕಟಕಟ ಅನ್ನುವಾಗ ಮೇಲಿನ ಬತೇರಿಯಲ್ಲಿ, ಅಂದರೆ ಕೋಟೆಯ ಕಾವಲು ಬುರುಜಿನಲ್ಲಿ, ಅಷ್ಟು ಚಳಿ ಇರುವುದಿಲ್ಲ. ಬಂದು ನೋಡಿ, ಸುಳ್ಳಾದರೆ ಹೇಳಿ.

ನಮ್ಮ ಭಾವಮೈದುನನ ಕಥೆ ಹೇಳಲೇಬೇಕು. ದಾವಣಗೆರೆಯವನು, ಅಂಗಡಿ ವ್ಯಾಪಾರ. ಮೊದಲ ಸಲ ನಾನೆಷ್ಟು ಬೇಡವೆಂದರೂ ಏಪ್ರಿಲ್‌ನಲ್ಲೇ, ಅದೂ ಮದುವೆ ಊಟ ಮುಗಿಸಿಕೊಂಡು, ಕೋಟೆ ಹತ್ತಿದ. ಏಕನಾಥೇಶ್ವರಿ ಗುಡಿಯ ಹತ್ತಿರ ಚಪ್ಪಲಿಯ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯಿತು. ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ಕರ್ಚೀಫಿನಲ್ಲಿ ಇಳಿದು ಬಂದ. ಮದಕರಿ ನಾಯಕರಿಗೂ ಬೈದ, ನನಗೂ ಬೈದ.

ಮುಂದಿನ ಜನವರಿಯಲ್ಲಿ ಅವನನ್ನು ಹಿಡಿದು ಎಳೆದುಕೊಂಡು ಹೋದೆ. ಮಂಕಿ ಕ್ಯಾಪ್, ಮಫ್ಲರ್, ಎರಡು ಸ್ವೆಟರ್. ಕಾಶ್ಮೀರಕ್ಕೆ ಹೊರಟವನ ಹಾಗೆ ಬಂದ. ಮದ್ದು ಬೀಸುವ ಕಲ್ಲು ದಾಟುವಷ್ಟರಲ್ಲಿ ಮಂಕಿ ಕ್ಯಾಪ್ ನನ್ನ ಕೈಗೆ ಬಂತು. ಹಿಡಿಂಬೇಶ್ವರನ ಗುಡಿಯ ಹತ್ತಿರ ಮಫ್ಲರೂ ಒಂದು ಸ್ವೆಟರೂ ಬಂದವು. ನಾನು ನಡೆದಾಡುವ ಗೋಡೆಗೂಟವಾದೆ. ಮೇಲೆ ಹೋಗಿ ನಿಂತಾಗ ಅಂಗಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು. ಅಷ್ಟು ಹೊತ್ತಿಗೆ ಗಾಳಿ ಎದ್ದಿತು, ನೋಡಿ, ಗಡಗಡ ನಡುಗಿದ. ಮಡಕೆಯ ನೀರು ತಣ್ಣಗಾಗುವ ಲೆಕ್ಕವೇ ಇದು. ನೀರು ಆರುವಾಗ ಕಾವನ್ನು ಎಳೆದುಕೊಂಡು ಹೋಗುತ್ತದೆ, ಬೆವರೂ ಅಷ್ಟೆ. ಮನೆ ಬಿಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗೆ ಹೊರಟವನು ಮೇಲೆ ಹೋಗಿ ನಡುಗುತ್ತಾನೆ.

ಆಮೇಲೆ ಅಕ್ಕ ತಂಗಿ ಹೊಂಡದ ಪಕ್ಕ ಕೂತೆವು. ಎದುರಿನ ಬಂಡೆಗೆ ಒಂದು ಓತಿಕ್ಯಾತ ಹೊಟ್ಟೆ ಒತ್ತಿಕೊಂಡು, ಸತ್ತ ಹಾಗೆ ಬಿದ್ದಿತ್ತು. ಇವನು ಬಗ್ಗಿ ಒಂದು ಗೇಣಿನಷ್ಟು ಹತ್ತಿರ ಮುಖ ಒಯ್ದರೂ ಕದಲಲಿಲ್ಲ. ಅದರ ರಕ್ತಕ್ಕೆ ಕಾವು ಬಿಸಿಲಿನಿಂದಲೇ ಬರಬೇಕು. ಬಂಡೆಯ ಮೇಲೆ ಬಿಸಿಲು ಒಂದೊಂದೇ ಅಂಗುಲ ಇಳಿದು ಬಂತು. ಮೊದಲು ಬಾಲಕ್ಕೆ, ಆಮೇಲೆ ಬೆನ್ನಿಗೆ. ಒಂದು ಕಣ್ಣು ಬಿಟ್ಟಿತು. ತಲೆ ಎತ್ತಿತು. ಮುಂಗಾಲೂರಿ ಒಂದು ದಂಡ ಹೊಡೆಯಿತು, ಎರಡು ಹೊಡೆಯಿತು, ಸರ್ರನೆ ಬಿರುಕಿಗೆ ನುಗ್ಗಿತು. ದಿನವೆಲ್ಲ ರೇಟು ಬಿಟ್ಟು ಬೇರೆ ಮಾತಾಡದ ಮನುಷ್ಯ ಕಾಲು ಗಂಟೆ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಅಂದದ್ದು, 'ಭಾವ, ಇದಕ್ಕೂ ನನ್ನ ಹಂಗೇ ಏಳಾಕೆ ಬಿಸ್ಲು ಬೇಕು ನೋಡ್ರಿ.'

ಏಪ್ರಿಲ್‌ನಲ್ಲಿ ಅವನ ಚಪ್ಪಲಿ ತಿಂದದ್ದೂ ಇದೇ ಕಲ್ಲು. ಸುಮಾರು 260 ಕೋಟಿ ವರ್ಷದ ಗ್ರಾನೈಟ್ ಅದು, ಅವನಿಗಾಗಿ ತಣ್ಣಗಾಗುತ್ತದೆಯೇ? ಅದಕ್ಕೇ ಹೇಳಿದ್ದು, ಬಂಡೆ ಕಾಯುವ ಮುಂಚೆ ಬನ್ನಿ.

ನನಗೆ ಕೊಟ್ಟ ಸಮಯದಲ್ಲಿ ಅರ್ಧವನ್ನು ಭಾವಮೈದುನನೇ ತಿಂದ. ಮಿಕ್ಕದ್ದು ಬೇಗ ಹೇಳುತ್ತೇನೆ.

ಮೊಣಕಾಲು ನೋವಿನವರು ಚಂದ್ರವಳ್ಳಿಗೆ ಹೋಗಿ, ಕೆರೆಯ ಪಕ್ಕ ನಿಧಾನವಾಗಿ ನಡೆಯಿರಿ. ಅಲ್ಲಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಜಾಗ ಅದು. ರೋಮಿನ ಬೆಳ್ಳಿ ನಾಣ್ಯ ಸಿಕ್ಕಿದೆ ಅಂದರೆ ನಮ್ಮ ಹುಡುಗರು ನಂಬುವುದಿಲ್ಲ. ಗಟ್ಟಿ ಕಾಲಿನವರು ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿ, ಅರಣ್ಯ ಇಲಾಖೆಯವರನ್ನು ಕೇಳಿಕೊಂಡು. ಅಲ್ಲಿ ಕರಡಿ, ಚಿರತೆ ಇವೆ. ಕತ್ತಲಾಗುವ ಮುಂಚೆ ಇಳಿದುಬಿಡಿ. ಹುಲ್ಲು ಒಣಗಿರುತ್ತದೆ, ಬೀಡಿ ಸೇದುವವರು ದಯವಿಟ್ಟು ಮನೆಯಲ್ಲೇ ಸೇದಿ ಬನ್ನಿ.

ಇಬ್ಬನಿ ಆರುವ ತನಕ ಮೆಟ್ಟಿಲು ಬಿಟ್ಟು ಇಳಿಜಾರು ಬಂಡೆಗೆ ಕಾಲಿಡಬೇಡಿ. ಒಣಗಿ ಕಪ್ಪಾದ ಪಾಚಿ ಇಬ್ಬನಿ ಕುಡಿದರೆ ಸೋಪಿನಂತೆ ಜಾರುತ್ತದೆ. ನಮ್ಮ ಜ್ಯೋತಿರಾಜ್ ಬರಿಗೈಯಲ್ಲಿ ಗೋಡೆ ಏರುವುದನ್ನು ನೋಡಿ ಹುಡುಗರು ಹುರುಪಾಗುತ್ತಾರೆ. ಅವರನ್ನು ನೋಡಿ ಚಪ್ಪಾಳೆ ತಟ್ಟಿ, ಅಷ್ಟು ಸಾಕು. ಹೆಜ್ಜೇನು ಕಟ್ಟಿದ ಕಡೆ ಹೊಗೆ, ಕಲ್ಲು, ಸೆಂಟು ಮೂರೂ ಬೇಡ.

ತಿನ್ನುವುದಕ್ಕೆ ಹುರಿದ ಶೇಂಗಾ, ಒಂದು ಉಂಡೆ ಬೆಲ್ಲ, ಜೊತೆಗೆ ನೀರು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ಕುಡಿಯಿರಿ. ಶೇಂಗಾ ಬಟ್ಟೆ ಚೀಲದಲ್ಲಿರಲಿ. ಪ್ಲಾಸ್ಟಿಕ್ ಕವರಿನ ಸದ್ದು ಅಷ್ಟು ದೂರದಿಂದ ಕೋತಿಗೆ ಕೇಳಿಸುತ್ತದೆ. ಮಂಡಕ್ಕಿ ಮೆಣಸಿನಕಾಯಿ ಕೆಳಗಿಳಿದ ಮೇಲೆ. ಹತ್ತು ಗಂಟೆಗೆ ಇಳಿದರೆ ಮೊದಲ ಬಾಣಲೆಯದ್ದೇ ಸಿಗುತ್ತದೆ.